ಕಂಬಳಿ ಕಟ್ಟಿದ ಮನೆ

ಸುರಪುರ
೫ ಅಕ್ಟೋಬರ್ ೧೯೫೬, ಶುಕ್ರವಾರ

ಮುಂದಿನ ತಿಂಗಳಿಂದ ನಮ್ಮ ತಾಲ್ಲೂಕು ಹೈದರಾಬಾದಿನದಲ್ಲ, ಮೈಸೂರಿನದು. ಕಚೇರಿಯ ಕಾಗದವೆಲ್ಲ ಇನ್ನು ಕನ್ನಡದಲ್ಲಿ ಆಗಬೇಕಾದೀತು, ಕೈ ಪಳಗಿಸಿಕೊಳ್ಳಿ ಎಂದು ಸಾಹೇಬರು ಹೇಳಿದ್ದಾರೆ. ಹುಟ್ಟಿದಂದಿನಿಂದ ಆಡಿದ ಮಾತೇ, ಆದರೆ ಉರ್ದು ಬರೆದು ಬರೆದು ನನ್ನ ಕೈ ಬಲದಿಂದ ಎಡಕ್ಕೆ ಓಡಲು ನೋಡುತ್ತದೆ. ಆದ್ದರಿಂದ ಈ ಅಭ್ಯಾಸ. ಯಾರಿಗೂ ತೋರಿಸುವುದಲ್ಲ. ತಪ್ಪಿದರೆ ನಾನೇ ನಗಬೇಕು.

ಇಂದಿನ ವಿಶೇಷ: ಮುಂಬಯಿಯವನು ಬಂದ. ಮುಂಬಯಿಯವನು ಎಂದರೆ ನಮ್ಮ ಒಬ್ಬನೇ ಮಗ ಮಾನಪ್ಪ. ಐದು ವರ್ಷದ ಹಿಂದೆ ಶಹಾಪುರದಲ್ಲಿ ಅವನಿಗೆ ಗುಮಾಸ್ತಿಕೆ ಗೊತ್ತು ಮಾಡಿದ್ದೆ. ಹಾಜರಾಗಬೇಕಾದ ವಾರವೇ ಸಿನೆಮಾ ಕ್ಯಾಮರಾ ಕಲಿಯುತ್ತೇನೆಂದು ರೈಲು ಹತ್ತಿದ. ಕುರಿ ಕಾಯುವ ನಮ್ಮ ಮನೆತನದಲ್ಲಿ ಮೊದಲು ಅಕ್ಷರ ಕಲಿತು ಕುರ್ಚಿಯ ಮೇಲೆ ಕುಳಿತವನು ನಾನು. ಎರಡನೆಯವನು ಕುರ್ಚಿಯನ್ನು ಒದ್ದು ಹೋದ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆ.

ಯಾದಗಿರಿಯಲ್ಲಿ ರೈಲಿಳಿದು, ಬಸ್ಸಿನ ಮೇಲೆ ಕಬ್ಬಿಣದ ಪೆಟ್ಟಿಗೆ ಹೇರಿಸಿಕೊಂಡು ಬಂದಿದ್ದಾನೆ.

“ಆರಾಮ ಅದೀರೇನ್ರಿ ಅಪ್ಪಾ?” ಎಂದ.

“ಅದೀನಿ.”

“ಕಚೇರಿ?”

“ನಡದದ.”

ಆಮೇಲೆ ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತ ಕುಳಿತೆವು. ಒಳಗಿನಿಂದ ನನ್ನ ಹೆಂಡತಿ ಮಲ್ಲಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವನ ಕೆನ್ನೆ ಹಿಡಿದಳು. “ಎಷ್ಟ ಸೊರಗೀಯೋ ನನ್ನಪ್ಪಾ! ಆ ಊರಾಗ ರೊಟ್ಟಿ ಬಡಿಯೂದಿಲ್ಲೇನು?” ಎಂದು ಅತ್ತಳು, ನಕ್ಕಳು, ಮತ್ತೆ ಅತ್ತಳು. ಐದು ವರ್ಷದ ಮಾತನ್ನು ಅವಳು ಒಂದೇ ಉಸಿರಿಗೆ ಮುಗಿಸಿಬಿಟ್ಟಳು.

ಮೂರು ವಾರ ಇರುತ್ತಾನಂತೆ. ಅಷ್ಟು ದಿನ ಮನೆ ಬಿಟ್ಟುಕೊಡಬೇಕಂತೆ. ಯಾಕೆಂದು ನಾನು ಕೇಳಲಿಲ್ಲ.

೭ ಅಕ್ಟೋಬರ್, ರವಿವಾರ

ಕೇಳದಿದ್ದರೂ ಹೇಳಿದ. ಎರಡು ರೀಲಿನ ಸಣ್ಣ ಸಿನೆಮಾ ತೆಗೆಯುತ್ತಾನಂತೆ. ಸ್ಟುಡಿಯೋದಲ್ಲಿ ಮಿಕ್ಕ ಫಿಲ್ಮಿನ ತುಂಡುಗಳನ್ನು ಕೂಡಿಸಿಟ್ಟುಕೊಂಡಿದ್ದಾನೆ. ಗಡಿಯಾರದ ಹಾಗೆ ಕೀಲಿ ಕೊಟ್ಟರೆ ತಿರುಗುವ ಕ್ಯಾಮರಾವನ್ನು ಅವನ ಉಸ್ತಾದರು ಈ ತಿಂಗಳಿನ ಮಟ್ಟಿಗೆ ಕೊಟ್ಟಿದ್ದಾರೆ. ಇದು ನೆಟ್ಟಗೆ ಬಂದರೆ ಅವನು ಸ್ವಂತವಾಗಿ ಕ್ಯಾಮರಾ ಹಿಡಿಯುವವನಾಗುತ್ತಾನೆ. ಕೆಟ್ಟರೆ ಇನ್ನೊಬ್ಬರ ಪೆಟ್ಟಿಗೆ ಹೊರುವುದೇ ಗತಿ.

ಇಷ್ಟನ್ನು ಸುಮ್ಮನೆ ಕೇಳಿದೆ. ಕಥೆ ಯಾವುದೆಂದು ಹೇಳಿದಾಗ ಊಟದ ತಾಟು ಸರಿಸಿ ಎದ್ದೆ.

ಲಾಡ್ಲೇಸಾಬನ ಕಥೆ.

ಬಾಯಿಂದ ಎಂದೂ ಹೇಳಿದವನಲ್ಲ, ಇಲ್ಲಿ ಬರೆಯುತ್ತೇನೆ. ಲಾಡ್ಲೇಸಾಬ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಸರ್ಕಾರ ಬಿದ್ದು ಹಿಂದುಸ್ತಾನದ ಫೌಜು ಬಂತು. ಅದಕ್ಕೆ ಮುಂಚೆ ರಜಾಕಾರರು ಮಾಡಿದ್ದ ಹಾವಳಿಯ ಸೇಡನ್ನು, ಏನೂ ಮಾಡದವರ ಮೇಲೆ ತೀರಿಸಿಕೊಳ್ಳಲು ಜನ ಹೊರಟಿದ್ದರು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಯಾರೋ ನಮ್ಮ ಹಿತ್ತಲ ಬಾಗಿಲು ಬಡಿದರು. ಲಾಡ್ಲೇಸಾಬ, ಅವನ ಹೆಂಡತಿ ಕುಬ್ರಾಬೇಗಂ, ಸಣ್ಣ ಮಗಳು ನಜೀಮಾ. ಊರು ತಣ್ಣಗಾಗುವ ತನಕ ಮೂವರನ್ನೂ ಜೋಳದ ಕೋಣೆಯಲ್ಲಿ ಇಟ್ಟುಕೊಂಡೆವು. ಅಷ್ಟೇ. ಎರಡು ವರ್ಷದ ಹಿಂದೆ ಲಾಡ್ಲೇಸಾಬ ಎದೆನೋವಿನಿಂದ ತೀರಿಕೊಂಡ. ಇರುವ ತನಕ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ದಿನಾ ಕೂಡಿ ಚಹಾ ಕುಡಿದೆವು.

“ಅದು ನಮ್ಮ ಕಥಿ ಅಲ್ಲ, ಅವರ ಅಂಜಿಕಿ. ಅದನ್ನ ಪರದೆ ಮ್ಯಾಲ ತೋರಸ್ತೀಯೇನು?” ಎಂದೆ.

“ನಾನೂ ಮನ್ಯಾಗ ಇದ್ದೆರಿ ಅಪ್ಪಾ. ಅವರಿಗೆ ನೀರಿನ ತಂಬಗಿ ಕೊಡಾಂವ ನಾನೇ ಇದ್ದೆ.”

“ಹಂಗಾರ ಕುಬ್ರಾಬೇಗಂಗ ಹೋಗಿ ಕೇಳು. ಅವರು ಬ್ಯಾಡ ಅಂದ್ರ ಮುಗೀತು.”

“ಕೇಳೀನ್ರಿ. ಬಸ್ ಇಳದಾಂವ ಮೊದಲ ಖಾಲಾನ ಮನಿಗೇ ಹೋಗಿದ್ದೆ. ‘ತಗಿ ಬೇಟಾ, ಆದ್ರ ನಾ ಒಂದಿನ ಬಂದು ನೋಡ್ತೀನಿ. ಸುಳ್ಳ ಇತ್ತಂದ್ರ ನಿನ್ನ ಫಿಲಮ್ ಒಲಿಗೆ ಹಾಕಬೇಕು’ ಅಂದಾರ.”

ನನಗಿಂತ ಮೊದಲು ಅವರನ್ನು ಕೇಳಿದ್ದಾನೆ. ಸಿಟ್ಟು ಬರಬೇಕಿತ್ತು. ತಾಟಿನಲ್ಲಿ ಉಳಿದ ರೊಟ್ಟಿಯನ್ನು ಆಮೇಲೆ ತಿಂದೆ.

೧೦ ಅಕ್ಟೋಬರ್, ಬುಧವಾರ

ಮನೆ ಮನೆಯಾಗಿ ಉಳಿದಿಲ್ಲ. ಮಲ್ಲಾಬಾಯಿಯ ತಮ್ಮ ಹುಲಗಪ್ಪ ಕುರಿಹಟ್ಟಿಯಿಂದ ಬಂಡಿಯ ತುಂಬ ಕರಿ ಕಂಬಳಿ ಹೇರಿ ತಂದ. ಬೆಳಕಿಂಡಿಗೊಂದು, ಕಿಟಕಿಗೊಂದು, ಬಾಗಿಲಿಗೆರಡು, ಸುಣ್ಣದ ಗೋಡೆಗಂತೂ ಲೆಕ್ಕವಿಲ್ಲ. ಬೆಳ್ಳಗಿನ ಗೋಡೆ ಬೆಳಕನ್ನು ಹಿಂದಕ್ಕೆ ಎಸೆಯುತ್ತದಂತೆ, ಕಂಬಳಿ ನುಂಗುತ್ತದಂತೆ. ಹೊರಗೆ ಸುಡುಸುಡು ಬಿಸಿಲು, ಒಳಗೆ ಅಮಾವಾಸ್ಯೆ. ಕುರಿಯ ವಾಸನೆ. ನನ್ನ ಮೊಣಕಾಲು ಒಳಕಲ್ಲಿಗೆ ಬಡಿದು ಊದಿದೆ.

“ಇದು ಕುರಿ ಮೈಮ್ಯಾಗಿನ ಕತ್ತಲ ಭಾವಾ, ಬೆಳಕ ಹಾಯಂಗಿಲ್ಲ,” ಎಂದು ಹುಲಗಪ್ಪನಿಗೆ ಹೆಮ್ಮೆ.

ನಾನು ತಡೆಯಲಾರದೆ ಮಾನಪ್ಪನನ್ನು ಕೇಳಿದೆ. “ಇದ್ದ ಬಿಸಲನ್ನೂ ಮುಚ್ಚಿದೆಲ್ಲ, ಇನ್ನ ಏನ ಕಾಣಸ್ತದ?”

“ಮೊದಲ ಪೂರಾ ತಗೀಬೇಕ್ರಿ. ಆಮ್ಯಾಲ ಎಷ್ಟ ಬೇಕೋ ಅಷ್ಟೇ ಬಿಡಬೇಕು.”

ಅವನು ತನ್ನ ತಾಯಿಯನ್ನು ಜೋಳದ ಕೋಣೆಯಲ್ಲಿ ಚೀಲದ ಮೇಲೆ ಕೂರಿಸಿದ. ಅಂಗಳದಲ್ಲಿ ಹಜಾಮರ ಅಂಗಡಿಯಿಂದ ತಂದ ದೊಡ್ಡ ಕನ್ನಡಿಯನ್ನು ಬಿಸಿಲಿಗೆ ಹಿಡಿದು ಬಾಗಿಲನ್ನು ನಾಲ್ಕು ಬೆರಳು ತೆರೆದ. ಕಡ್ಡಿಯಂಥ ಬೆಳಕು ಒಳಗೆ ಹೋಯಿತು. ಅವಳ ಒಂದು ಕಣ್ಣು, ಮೂಗುತಿ, ಅರ್ಧ ತುಟಿ. ಉಳಿದದ್ದು ಕತ್ತಲು.

“ಅರ್ಧ ಕಂಡ್ರ, ಉಳಿದರ್ಧ ಏನ ವಿಚಾರ ಮಾಡಾಕತ್ತದ ಅಂತ ನೋಡವ್ರು ಹುಡಕ್ತಾರ,” ಎಂದ ಮಾನಪ್ಪ.

ನಾನು ನೋಡಿದೆ. ಕಣ್ಣಿನ ಪಕ್ಕದಲ್ಲಿ ಅವಳಿಗೊಂದು ಸಣ್ಣ ಮಚ್ಚೆ ಇದೆ. ಮದುವೆಯಾದಂದಿನಿಂದ ಇದ್ದಿರಲೇಬೇಕು.

“ಏನ ಹಂಗ ನೋಡ್ತೀರಿ?” ಎಂದಳು.

ಬೆಳಕಿನ ಪರೀಕ್ಷೆ ಎಂದೆ.

೧೩ ಅಕ್ಟೋಬರ್, ಶನಿವಾರ

ಲಾಡ್ಲೇಸಾಬನ ಪಾತ್ರಕ್ಕೆ ಶಹಾಪುರದ ನಾಟಕ ಮಂಡಳಿಯಿಂದ ಸರದಾರಸಾಬರು ಬಂದಿದ್ದಾರೆ. ಒಳ್ಳೆಯ ಮನುಷ್ಯ, ದೊಡ್ಡ ಗಂಟಲು. ಈ ಕ್ಯಾಮರಾಕ್ಕೆ ಕಿವಿಯಿಲ್ಲ, ಮಾತೆಲ್ಲ ಮುಂಬಯಿಯಲ್ಲಿ ಕೂಡಿಸುವುದು ಎಂದರೂ ಪಿಸುಮಾತನ್ನು ಬಾವಿಕಟ್ಟೆಯವರೆಗೆ ಕೇಳಿಸುತ್ತಾರೆ. ಎಲ್ಲಿ ನಿಲ್ಲಿಸಿದರೂ ಸೂರ್ಯಕಾಂತಿಯ ಹಾಗೆ ಬೆಳಕಿನ ಕಡೆ ತಿರುಗುತ್ತಾರೆ.

“ಮಾರಿ ಕಾಣದಿದ್ರ ನಾ ಮಾಡಿದ್ದು ಯಾರಿಗೆ ಗೊತ್ತಾಗಬೇಕೋ ತಮ್ಮಾ?” ಎಂದರು. ನ್ಯಾಯವಾದ ಪ್ರಶ್ನೆ ಎಂದು ನನಗೂ ಅನಿಸಿತು.

ಮಾನಪ್ಪ ವಾದಿಸಲಿಲ್ಲ. ಒಂದು ಸಣ್ಣ ತುಂಡು ತೆಗೆದು, ಕತ್ತಲ ಕೋಣೆಯಲ್ಲೇ ಔಷಧದಲ್ಲಿ ತೊಳೆದು, ಒಣಗಿಸಿ ತೋರಿಸಿದ. ಮಲ್ಲಾಬಾಯಿ ಅದನ್ನು ಬೆಳಕಿಗೆ ಹಿಡಿದು, “ಅಯ್ಯ ಶಿವನೇ, ಸರದಾರಣ್ಣಾರ ಗಡ್ಡ ಬೆಳ್ಳಗ, ಮಾರಿ ಹಂಚಿನ ತಳ!” ಎಂದಳು. ಮೊದಲು ಹಾಗೆ ಉಲ್ಟಾ ಬಂದು, ಅಚ್ಚು ಹಾಕಿದಾಗ ಸರಿಯಾಗುತ್ತದೆ ಎಂದು ಅವನು ವಿವರಿಸಿದ. ಸರದಾರಸಾಬರು ಬಹಳ ಹೊತ್ತು ನೋಡಿದರು. ಆ ತುಂಡಿನಲ್ಲಿ ಗೋಡೆಗೆ ಒರಗಿದ ಅವರ ನೆರಳು ಅವರಿಗಿಂತ ದೊಡ್ಡದಾಗಿ ಬಗ್ಗಿ ನಿಂತಿತ್ತು. “ಇಂವ ಅಂಜ್ಯಾನ,” ಎಂದರು ಮೆಲ್ಲಗೆ, ಬೇರೆ ಯಾರನ್ನೋ ನೋಡಿದವರಂತೆ. ಆಮೇಲೆ ಬೆಳಕಿನ ಕಡೆ ತಿರುಗಲಿಲ್ಲ.

ಬಿಸಿಲು ಸರಿದಂತೆ ಕನ್ನಡಿ ಸರಿಯಬೇಕು. ಹುಲಗಪ್ಪನಿಗೆ ಕುರಿಯ ಕೆಲಸ. ಸೋಮವಾರದಿಂದ ನಾನು ರಜೆ ಹಾಕಿದ್ದೇನೆ. ಹೊಟ್ಟೆನೋವು ಎಂದು ಬರೆದೆ, ಕನ್ನಡದಲ್ಲಿ.

೧೬ ಅಕ್ಟೋಬರ್, ಮಂಗಳವಾರ

ಮೋಡ. ಕೆಲಸವಿಲ್ಲ. ಮಾನು ಮಾಳಿಗೆಯ ಮೇಲೆ ಕುಳಿತು ಆಕಾಶ ನೋಡುತ್ತಿದ್ದ. ನಾನೂ ಹೋಗಿ ಕುಳಿತೆ. ಮಳೆ ಬಂತು. ಒಣ ಹಾಕಿದ್ದ ಕಂಬಳಿಗಳನ್ನು ಇಬ್ಬರೂ ಕೂಡಿ ಎಳೆದೆವು.

೧೯ ಅಕ್ಟೋಬರ್, ಶುಕ್ರವಾರ

ಬಾಗಿಲು ತೆರೆಯುವವನ ಪಾತ್ರಕ್ಕೆ ಯಾದಗಿರಿಯಿಂದ ಬರಬೇಕಾದವರು ಬರಲಿಲ್ಲ. ಇಂಥ ಕಥೆಯಲ್ಲಿ ತಮ್ಮ ಮುಖ ಬೇಡವೆಂದು ಹೇಳಿ ಕಳಿಸಿದ್ದಾರೆ.

ಮಾನು ನನ್ನ ಕಡೆ ನೋಡಿದ. ನಾನು ಆಗುವುದಿಲ್ಲ ಎಂದೆ.

“ಮಾರಿ ಬ್ಯಾಡ್ರಿ ಅಪ್ಪಾ. ಕೈ ಸಾಕು. ಕೈ ಬಂದು ಚಿಲಕ ತಗಿತದ, ಅಷ್ಟೇ.”

ಅಷ್ಟೇ ಎಂದು ಒಪ್ಪಿದೆ. ಹಿತ್ತಲ ಬಾಗಿಲ ಸುತ್ತ ಕಂಬಳಿ ಇಳಿಬಿಟ್ಟ. ಬೆಳಕಿನ ಗೆರೆ ಕಾಣಲೆಂದು ಲೋಬಾನದ ಹೊಗೆ ಹಾಕಿದ. ಚಿಲಕದ ಮೇಲೆ ಅಂಗೈಯಗಲ ಬೆಳಕು ಬಿತ್ತು. ಕತ್ತಲಿನಿಂದ ನನ್ನ ಕೈ ಅದರೊಳಗೆ ಹೋಗಬೇಕು. ಕ್ಯಾಮರಾ ಗರಗರ ಎನ್ನತೊಡಗಿತು. ಕೈ ಹೋಯಿತು, ಮತ್ತು ನಡುಗಿತು.

ಇನ್ನೊಮ್ಮೆ. ನಡುಗಿತು. ಮತ್ತೊಮ್ಮೆ.

“ನಡಗಬಾರದ್ರಿ ಅಪ್ಪಾ.”

“ವಯಸ್ಸಾಗ್ಯದೋ.”

“ಅವತ್ತು ನಡಗಿರಲಿಲ್ರಿ. ನಾ ಏಣಿ ಹಿಂದ ನಿಂತು ನೋಡೀನಿ. ಓಣ್ಯಾಗ ಎಲ್ಲಾರ ಬಾಗಲಾ ಮುಚ್ಚಿದ್ವು. ನೀವು ಹಿಂದಕ್ಕ ಸೈತ ನೋಡದ ಚಿಲಕ ತಗದ್ರಿ.” ಕ್ಯಾಮರಾಕ್ಕೆ ಕೀಲಿ ಕೊಡುತ್ತ, ತಲೆ ಎತ್ತದೆ ಹೇಳಿದ. “ಮುಂಬಯ್ಯಾಗ ಯಾರ ಮ್ಯಾಲ ಬೆಳಕ ಬಿಟ್ರೂ ನನಗ ಆ ಕೈ ಕಾಣ್ತಿತ್ತು. ಅದನ್ನ ಒಮ್ಮಿ ನೆಟ್ಟಗ ತಗೀಬೇಕಂತ ಬಂದೀನಿ.”

ನನ್ನ ಕುರ್ಚಿ, ನನ್ನ ಶಾಯಿ, ನನ್ನ ಸಲಾಮು ಇವುಗಳ ಮೇಲಿನ ಹೇಸಿಗೆಯಿಂದ ಅವನು ಮನೆ ಬಿಟ್ಟ ಎಂದು ನಾನು ತಿಳಿದಿದ್ದೆ.

ಇವತ್ತಿಗೆ ಇಷ್ಟು ಸಾಕು.

೨೦ ಅಕ್ಟೋಬರ್, ಶನಿವಾರ

ಇಂದೂ ನಡುಗಿತು. ಫಿಲ್ಮು ದಂಡವಾಗುತ್ತಿದೆ. ಅವನು ಒಂದು ಮಾತೂ ಅನ್ನುವುದಿಲ್ಲ, ಅದೇ ಕಷ್ಟ.

ಅಂದೂ ನಡುಗಿತ್ತು. ನನಗೆ ಗೊತ್ತಿಲ್ಲವೆ? ಏಣಿಯ ಹಿಂದಿನಿಂದ ಅವನಿಗೆ ಕಂಡಿರಲಿಕ್ಕಿಲ್ಲ. ಆ ನಡುಗದ ಕೈಯನ್ನು ಇಷ್ಟು ದೂರ ಹೊತ್ತುಕೊಂಡು ಹೋಗಿ ಇಷ್ಟು ದೂರ ವಾಪಸು ತಂದಿದ್ದಾನೆ. ಅಲ್ಲ ಮಗನೇ, ಹಾಗಿರಲಿಲ್ಲ ಎಂದು ಹೇಗೆ ಹೇಳಲಿ?

೨೨ ಅಕ್ಟೋಬರ್, ಸೋಮವಾರ

ಕುಬ್ರಾಬೇಗಂ ಬಂದಿದ್ದರು. ನಜೀಮಾಳನ್ನು ಶಾಲೆಗೆ ಕಳಿಸಿ, ಬುರ್ಖಾದೊಳಗೆ ಶೇಂಗಾದ ಗಂಟು ಹಿಡಿದುಕೊಂಡು. ಅದನ್ನು ಮಲ್ಲಾಬಾಯಿಗೆ ಕೊಟ್ಟು, “ನಡೀರಿ ಅಕ್ಕಾ, ನಿಮ್ಮ ಮಗ ಏನ ಸುಳ್ಳ ಹೇಳಾಕತ್ತಾನ ನೋಡಮು,” ಎಂದರು.

ನಾನು ಕೈ ಚಾಚುತ್ತಿದ್ದೆ. ಬೆಳಕಿನಲ್ಲಿ ಕೈ ಎಂದಿನಂತೆ ನಡುಗಿತು. ಮಾನು ಕ್ಯಾಮರಾ ನಿಲ್ಲಿಸಿ ನಿಟ್ಟುಸಿರುಬಿಟ್ಟ. “ಮತ್ತೊಮ್ಮಿ ಮಾಡೂಣ್ರಿ. ನಡಗದಂಗ.”

“ಯಾಕ?” ಎಂದರು ಕುಬ್ರಾಬೇಗಂ ಹಿಂದಿನಿಂದ. “ಅದೇ ಖರೇ ಐತಲ್ಲ.”

“ಇಲ್ರಿ ಖಾಲಾ, ಅವತ್ತು ಅಪ್ಪನ ಕೈ ನಡಗಿರಲಿಲ್ಲ. ನಾ ಇಲ್ಲೇ ಇದ್ದೆ.”

“ನೀ ಒಳಗ ಇದ್ದಿ ಬೇಟಾ. ನಾ ಹೊರಗ ಇದ್ದೆ. ಚಿಲಕ ಕಟಕಟ ಅಂದದ್ದು ನಾ ಕೇಳೀನಿ. ಬಾಗಲಾ ತಗದಾಗ ಕಂದೀಲ ಬೆಳಕಿನ್ಯಾಗ ಮೊದಲ ಕಂಡದ್ದೇ ಭಾಯಿಸಾಬರ ಕೈ. ಎಲಿ ನಡಗಿದಂಗ ನಡಗ್ತಿತ್ತು.” ಅವರು ಬುರ್ಖಾದ ಮುಸುಕನ್ನು ಮೇಲಕ್ಕೆ ಸರಿಸಿದರು. “ಬರೂ ಹಾದ್ಯಾಗ ನಡಗದ ಕೈ ಬೇಕಾದಷ್ಟ ನೋಡಿದ್ವಿ. ಎಲ್ಲಾ ಕತ್ತಿ ಹಿಡದಿದ್ವು. ಈ ಕೈಗೆ ನಮ್ಮಷ್ಟೇ ಅಂಜಿಕಿ ಅದ, ಅಂದ್ರೂ ಬಾಗಲಾ ತಗದದ ಅಂತ ನಜೀಮಾನ್ನ ಆ ಕೈಯಾಗೇ ಕೊಟ್ಟೆ.”

ಲೋಬಾನದ ಹೊಗೆ ಬೆಳಕಿನಲ್ಲಿ ಸುತ್ತುತ್ತಿತ್ತು.

“ಖರೇ ಏನ್ರಿ ಅಪ್ಪಾ?”

“ಖರೇ.”

“ಮತ್ತ ಯಾಕ ಹೇಳಲಿಲ್ಲ?”

“ನಡಗಿರಲಿಲ್ಲ ಅಂತ ನೀ ಅಂದಿ. ನನಗೂ ಛಲೋ ಅನಸ್ತು.”

ಅವನು ನಕ್ಕುಬಿಟ್ಟ. ಬಂದಾಗಿನಿಂದ ಮೊದಲ ಸಲ. ಸಣ್ಣವನಿದ್ದಾಗಿನ ಹಾಗೆಯೇ, ಒಂದು ಕಡೆಯ ಹಲ್ಲು ಕಾಣುವ ನಗು. ಕೀಲಿ ಕೊಟ್ಟ. ನಾನು ಕೈ ಚಾಚಿದೆ. ಒಂದೇ ಸಲಕ್ಕೆ ಆಯಿತು.

ಮುಗಿಯಿತು ಎಂದುಕೊಂಡರೆ ಕುಬ್ರಾಬೇಗಂ ಜೋಳದ ಕೋಣೆಗೆ ಹೋಗಿ ತಮ್ಮ ಹಳೆಯ ಜಾಗದಲ್ಲಿ ಕುಳಿತುಬಿಟ್ಟಿದ್ದರು. ಇಲ್ಲಿ ಏನೇನು ತೆಗೆದೆ ಎಂದು ಕೇಳಿದರು. ಇವನು ಹೇಳಿದ: ಬಾಗಿಲ ಸಂದಿಗೆ ಹಚ್ಚಿದ ಕಣ್ಣು, ಗೋಡೆಯ ಮೇಲಿನ ನೆರಳು, ಬಾಯಿಗೆ ಒತ್ತಿಕೊಂಡ ಕೈ.

“ಎಲ್ಲಾ ಕತ್ತಲಾನೇ ತಗದೀಯಲ್ಲೋ. ನಕ್ಕದ್ದೆಲ್ಲಿ?”

“ನಕ್ಕದ್ದೇನ್ರಿ?”

ಕುಬ್ರಾಬೇಗಂ ಮಲ್ಲಾಬಾಯಿಯನ್ನು ನೋಡಿದರು. ಮಲ್ಲಾಬಾಯಿ ಸೆರಗು ಬಾಯಿಗೆ ಹಿಡಿದಳು. ಇಬ್ಬರ ಭುಜವೂ ಕುಣಿಯತೊಡಗಿದವು. ಆ ಕೋಣೆಯಲ್ಲಿ ಆ ವರ್ಷ ಮೆಣಸಿನಕಾಯಿ ಚೀಲವೂ ಇತ್ತು. ಹೊರಗೆ ಓಣಿಯಲ್ಲಿ ಗದ್ದಲ ನಡೆದಿದ್ದಾಗ ಲಾಡ್ಲೇಸಾಬನಿಗೆ ಘಾಟು ಹತ್ತಿ ಸೀನು ಬಂತು. ಸೀನಿದರೆ ಸತ್ತೆವು. ಅವನು ತನ್ನ ಟೋಪಿಯನ್ನೇ ಬಾಯಿಗೆ ತುರುಕಿಕೊಂಡ. ಸೀನು ಹೊರಗೆ ಬರಲಾರದೆ ಮೂಗಿನಲ್ಲಿ ಮೇಕೆಯ ಹಾಗೆ ‘ಮೆಹೆಹೆ’ ಎಂದಿತು. ನಜೀಮಾ ಪಿಸುಗುಟ್ಟಿದಳು, ಅಬ್ಬಾ ಆಡ ಆಗ್ಯಾನ ಅಂತ. ಅಂಬಲಿ ಕೊಡಲು ಒಳಗೆ ಹೋಗಿದ್ದ ಮಲ್ಲಾಬಾಯಿ ಚೀಲದ ಮೇಲೆ ಬಿದ್ದು ನಕ್ಕಿದ್ದಳು. ನಾಲ್ವರೂ, ಒಬ್ಬರ ಬಾಯಿಯನ್ನು ಇನ್ನೊಬ್ಬರು ಮುಚ್ಚಿ.

ನಾನು ಆ ದಿನ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದೆ. ಒಳಗಿನ ಬಿಕ್ಕು ನನಗೆ ಕೇಳಿಸಿತ್ತು.

“ನೀವು ಅಳಾಕತ್ತೀರಿ ಅಂತ ತಿಳಿದಿದ್ದೆ,” ಎಂದೆ.

“ಅಳು ಅಲ್ರೀ ಅದು,” ಎಂದಳು ಮಲ್ಲಾಬಾಯಿ, ಕಣ್ಣೊರೆಸಿಕೊಳ್ಳುತ್ತ.

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀವು ಕೇಳಿದ್ರೇನು?”

೨೪ ಅಕ್ಟೋಬರ್, ಬುಧವಾರ

ಒಂದೇ ಒಂದು ತುಂಡು ಫಿಲ್ಮು ಉಳಿದಿತ್ತು. ಓಣಿಯಲ್ಲಿ ಓಡುವ ಕಾಲುಗಳನ್ನು ತೆಗೆಯಲೆಂದು ಮಾನು ಇಟ್ಟುಕೊಂಡದ್ದು. ಕಾಲು ಬೇಡ, ನಗು ಬೇಕು ಎಂದು ತೀರ್ಮಾನಿಸಿದ.

ಆದರೆ ಯಾರು ನಗಬೇಕು? ಅಂದು ನಕ್ಕವರೇ, ಎಂದ. ನಾನು ಸಂಕೋಚದಿಂದ ಕುಬ್ರಾಬೇಗಂ ಅವರನ್ನು ಕೇಳಿದೆ. ಅವರು ಕನ್ನಡಿಯ ಬೆಳಕಿನಲ್ಲಿ ಮಲ್ಲಾಬಾಯಿಯ ಮುಖವನ್ನು ಪರೀಕ್ಷೆ ಮಾಡಿ ನೋಡಿದರು. “ಅರ್ಧ ಮಾರಿ ಅಷ್ಟೇ ಕಾಣಸ್ತದಲ್ಲ? ಹಂಗಾರ ಆಗ್ಲಿ. ಉಳಿದರ್ಧ ನಂದೇ ಇರ್ಲಿ.”

ಮಧ್ಯಾಹ್ನ ಮೋಡ ಆಡುತ್ತಿತ್ತು. ನಾನು ಅಂಗಳದಲ್ಲಿ ಕನ್ನಡಿ ಹಿಡಿದು ನಿಂತೆ. ಒಳಗೆ ಇಬ್ಬರೂ ಹೆಂಗಸರು ಜೋಳದ ಚೀಲಕ್ಕೆ ಒರಗಿ, ಮುಂದೆ ಸರದಾರಸಾಬರು ಟೋಪಿ ಹಿಡಿದು. ಬಿಸಿಲು ಬಂತು. “ಬಿಡ್ರಿ ಅಪ್ಪಾ,” ಎಂದ ಮಾನು. ಬಿಟ್ಟೆ.

ಸರದಾರಸಾಬರು ಟೋಪಿಯಲ್ಲಿ ಸೀನಿದರು. ಚೆನ್ನಾಗಿಯೇ ಸೀನಿದರು. ಯಾರಿಗೂ ನಗು ಬರಲಿಲ್ಲ. ಕ್ಯಾಮರಾ ಮಾತ್ರ ತಿರುಗುತ್ತಿತ್ತು. ಹೋಯಿತು ಎಂದುಕೊಂಡೆ. ಅಷ್ಟರಲ್ಲಿ, ಘಾಟು ಬೇಕೆಂದು ಇಟ್ಟಿದ್ದ ಮೆಣಸಿನಕಾಯಿ ಬಾಗಿಲ ಬಳಿ ಕಂಬಳಿ ಹಿಡಿದು ನಿಂತಿದ್ದ ಹುಲಗಪ್ಪನ ಮೂಗಿಗೆ ಹತ್ತಿತು. ಅವನು ಬಾಯಿ ಮುಚ್ಚಿಕೊಳ್ಳಲು ಹೋಗಿ ಕಂಬಳಿಯನ್ನೇ ಕಚ್ಚಿದ. “ಮೆಹೆಹೆ.”

ಕುಬ್ರಾಬೇಗಂ ಮಲ್ಲಾಬಾಯಿಯ ಹೆಗಲ ಮೇಲೆ ಬಿದ್ದರು. ಇವಳು ಅವರ ಬಾಯಿಗೆ ಕೈ ಅಡ್ಡ ಹಿಡಿದಳು, ಅವರು ಇವಳ ಬಾಯಿಗೆ. ಸದ್ದಿಲ್ಲ. ನಾಲ್ಕು ಬೆರಳು ಬೆಳಕಿನಲ್ಲಿ ಎರಡು ಅರ್ಧ ಮುಖಗಳು ಕೂಡಿ ಒಂದಾಗಿ ಅಲುಗುತ್ತಿದ್ದವು, ಕಣ್ಣಲ್ಲಿ ನೀರು. ಆಮೇಲೆ ಕುಬ್ರಾಬೇಗಂ, “ಅವರು ಇರಬೇಕಿತ್ತು ಅಕ್ಕಾ,” ಎಂದರು, ನಗುತ್ತಲೇ. ಮಲ್ಲಾಬಾಯಿ ಅವರನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಫಿಲ್ಮು ಮುಗಿದಾಗ ಕ್ಯಾಮರಾದ ಸದ್ದು ಬದಲಾಗುತ್ತದೆ. ಅಂಗಳದಲ್ಲಿದ್ದ ನನಗೇ ಅದು ಕೇಳಿಸಿತು. ಅವನಿಗೆ ಕೇಳಿಸದೆ ಇರಲಿಲ್ಲ. ಆದರೂ ನನ್ನ ಮಗ ಕಣ್ಣು ತೆಗೆಯಲಿಲ್ಲ, ಖಾಲಿ ಕ್ಯಾಮರಾವನ್ನು ಕೀಲಿ ತೀರುವ ತನಕ ತಿರುಗಿಸುತ್ತಲೇ ಇದ್ದ. ನಾನೂ ಕನ್ನಡಿ ಇಳಿಸಲಿಲ್ಲ.

೨೭ ಅಕ್ಟೋಬರ್, ಶನಿವಾರ

ಮಾನುವನ್ನು ಯಾದಗಿರಿಯಲ್ಲಿ ರೈಲು ಹತ್ತಿಸಿ ಬಂದೆ. ಫಿಲ್ಮಿನ ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಚೆನ್ನಾಗಿ ಬಂದಿದೆಯೋ ಇಲ್ಲವೋ ತೊಳೆದ ಮೇಲೆ ಗೊತ್ತಾಗುತ್ತದೆ. ಕೆಟ್ಟಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ. ಮತ್ತೆ ಪೆಟ್ಟಿಗೆ ಹೊರುತ್ತೇನೆ, ಮತ್ತೆ ಬರುತ್ತೇನೆ ಎಂದ. ಬಾ ಎಂದೆ. ಬುತ್ತಿ ಬಿಚ್ಚುವಾಗ ಶೇಂಗಾ ಹಿಂಡಿ ಅಂಗಿಗೆ ತಾಗಿಸಿಕೊಳ್ಳಬೇಡ ಎಂದೂ ಹೇಳಿದೆ. ಇನ್ನೂ ಏನೋ ಹೇಳುವುದಿತ್ತು, ರೈಲು ಹೊರಟಿತು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಎದುರಿಗೆ ಒಬ್ಬ ಮುದುಕಿ ಕುಳಿತಿದ್ದಳು, ಮಡಿಲಲ್ಲಿ ಒಂದು ಮೇಕೆಮರಿ. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಂದು ಅವಳ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಸುಕ್ಕುಗಳೆಲ್ಲ ಒಂದೊಂದಾಗಿ ಎದ್ದು ನಿಂತಿದ್ದವು. ಇನ್ನೊಂದು ಕೆನ್ನೆ ಪೂರ್ತಿ ಕತ್ತಲು. ನನ್ನ ತಲೆ ಬೆಳಕಿಗೆ ಅಡ್ಡ ಬರುತ್ತಿತ್ತೆಂದು ಹಿಂದಕ್ಕೆ ಸರಿದು ಕುಳಿತೆ. ಶಹಾಪುರದ ಗುಡ್ಡ ಬರುವವರೆಗೂ ಹಾಗೇ ನೋಡುತ್ತಿದ್ದೆ.

“ಯಪ್ಪಾ, ಏಟೊತ್ತಾತು, ಬಿಸಲ ಕಣ್ಣಾಗ ಚುಚ್ಚಾಕತ್ತದ,” ಎಂದಳು ಮುದುಕಿ. “ಅಗಲ ಮೈಯಾಂವ ಅದೀದಿ, ಸೊಲ್ಪ ಮುಂದ ಸರಿ.”

ಮುಂದಕ್ಕೆ ಸರಿದು, ಅವಳು ಇಳಿಯುವ ತನಕ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತೆ.